ಸೊಸೆ ಹಾಕಿದ ಬೀಗ

ಸೊಸೆಯನ್ನು ಹೊಗಳುವ ಅತ್ತೆಯನ್ನು ಜನ ಅನುಮಾನದಿಂದ ನೋಡುತ್ತಾರೆ. ನೋಡಲಿ. ನನ್ನ ಸೊಸೆಗೆ ಉಪ್ಪಿನ ಅಂದಾಜಿಲ್ಲ, ಒಣಗಿದ ಬಟ್ಟೆ ಮಡಚಿಡುವ ಅಭ್ಯಾಸವಂತೂ ಮೊದಲೇ ಇಲ್ಲ. ಆದರೂ ಅವಳ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ.

ಅವಳು ಒಂದು ಲ್ಯಾಬಿನಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ಕಿಟಕಿಯಿಲ್ಲದ ಹಿಂದಿನ ಕೋಣೆ, ಪಕ್ಕದಲ್ಲೇ ಗೊರ್ರೆನ್ನುವ ಫ್ರಿಜ್ಜುಗಳು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಾಳೆ. ಮೊದಲು ಅಲ್ಲಿನ ರಿಪೋರ್ಟುಗಳು ಡಾಕ್ಟರುಗಳಿಗೆ ಮಾಮೂಲಿ ಇಮೇಲಿನಲ್ಲಿ ಹೋಗುತ್ತಿದ್ದವು, ಯಾರು ಬೇಕಾದರೂ ಇಣುಕಬಹುದಿತ್ತು. ಅದನ್ನು ತಪ್ಪಿಸಿದವಳು ಇವಳು. ಪ್ರತಿಯೊಬ್ಬ ಡಾಕ್ಟರಿಗೂ ಒಂದು ಡಿಜಿಟಲ್ ಸರ್ಟಿಫಿಕೇಟ್ ಇರುತ್ತದಂತೆ. ಅದರಲ್ಲಿ ಬೀಗ ಹಾಕುವ ಕೀ ಇರುತ್ತದೆ, ಅದು ಯಾರ ಕೈಗೆ ಸಿಕ್ಕರೂ ಚಿಂತೆಯಿಲ್ಲ. ತೆಗೆಯುವ ಕೀ ಮಾತ್ರ ಆ ಡಾಕ್ಟರ ಬಳಿಯೇ. ಪರೀಕ್ಷೆ ಮಾಡಿದವರು ಬರೆದು ಗುಂಡಿ ಒತ್ತಿದ ಕೂಡಲೇ ಬೀಗ ಬೀಳುತ್ತದೆ, ಬೀಗವಿಲ್ಲದ ಪ್ರತಿ ಲ್ಯಾಬಿನಲ್ಲಿ ಉಳಿಯುವುದೇ ಇಲ್ಲ.

"ಬೀಗ ಮಾಡಿದ್ದು ನಾನಲ್ಲ ಅತ್ತೆ, ದೊಡ್ಡ ದೊಡ್ಡ ತಲೆಗಳು ಸೇರಿ ಮಾಡಿಟ್ಟಿರೋ ಸಿದ್ಧ ಪ್ರೋಗ್ರಾಂ ಇದೆ, ಲೈಬ್ರರಿ ಅಂತಾರೆ. ಯಾರ ಸರ್ಟಿಫಿಕೇಟು, ಏನು ಕಳಿಸ್ಬೇಕು ಅಂತ ಅದಕ್ಕೆ ಸರಿಯಾಗಿ ಹೇಳ್ಬೇಕು, ಅಷ್ಟೆ," ಎನ್ನುತ್ತಾಳೆ. ಆ 'ಅಷ್ಟೆ'ಗೆ ಅವಳು ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಶುರುವಿನಲ್ಲಿ ಚಿತ್ರಗಳಿರುವ ರಿಪೋರ್ಟುಗಳು ಆ ಕಡೆ ತೆರೆದಾಗ ಹಾಳಾಗಿರುತ್ತಿದ್ದವು. ಲೈಬ್ರರಿ ಚಿತ್ರವನ್ನೂ ಬರವಣಿಗೆ ಎಂದುಕೊಂಡು ಸಾಲುಗಳ ಕೊನೆಯನ್ನು ತಿದ್ದುತ್ತಿತ್ತಂತೆ. ಇದ್ದದ್ದನ್ನು ಇದ್ದ ಹಾಗೇ ಬಿಡು ಎಂದು ಅದಕ್ಕೆ ಹೇಳುವುದನ್ನೇ ಇವಳು ಮರೆತಿದ್ದಳು. ಗೊತ್ತಾದ ದಿನ ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಆಮೇಲೆ ಲ್ಯಾಬಿನ ಮಾಲೀಕರು ಬಂದರು. "ಎಲ್ಲಾ ರಿಪೋರ್ಟಿಗೂ ನನ್ನ ಸರ್ಟಿಫಿಕೇಟೂ ಸೇರಿಸಮ್ಮ, ಯಾವುದಕ್ಕೂ ಇರಲಿ."

ಒಂದೇ ರಿಪೋರ್ಟನ್ನು ಇಬ್ಬರು ತೆಗೆಯುವ ಹಾಗೆ ಮಾಡುವುದು ಅವಳಿಗೆ ಒಂದು ಸಾಲಿನ ಕೆಲಸ. ಆದರೆ ಇವಳು, "ನಿಮ್ಮ ಮನೆಯವರ ರಿಪೋರ್ಟು ನಾನು ಓದ್ಲಾ ಸರ್?" ಎಂದು ಕೇಳಿದಳಂತೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಹೋದ ತಿಂಗಳು ನನ್ನ ಕಂಕುಳಲ್ಲಿ ಒಂದು ಗಂಟು ಕಂಡಿತು. ಡಾಕ್ಟರು ಸೂಜಿ ಚುಚ್ಚಿ ಅದರಲ್ಲೊಂದಿಷ್ಟು ತೆಗೆದು ಸೊಸೆಯ ಲ್ಯಾಬಿಗೇ ಕಳಿಸಿದರು. ರಿಪೋರ್ಟ್ ಸಿದ್ಧವಾಗಿದೆ ಎಂದು ಶುಕ್ರವಾರ ಮೊಬೈಲಿಗೆ ಸಂದೇಶ ಬಂತು. ಡಾಕ್ಟರು ಊರಲ್ಲಿಲ್ಲ, ಸಿಗುವುದು ಸೋಮವಾರ. ಅಲ್ಲಿಯವರೆಗೆ ಕಾಯುವುದು ನನ್ನಿಂದಾಗಲಿಲ್ಲ.

"ಒಂದ್ಸಲ ತೆಗೆದು ನೋಡೇ," ಎಂದೆ.

"ಆಗಲ್ಲ ಅತ್ತೆ."

"ನೀನೇ ಹಾಕಿದ ಬೀಗ ಕಣೇ!"

"ನನಗೆ ಹಾಕೋಕೆ ಮಾತ್ರ ಆಗುತ್ತೆ. ತೆಗೆಯೋ ಕೀ ಡಾಕ್ಟ್ರ ಹತ್ರ ಇದೆ."

"ಪರೀಕ್ಷೆ ಮಾಡಿದವರನ್ನಾದ್ರೂ ಕೇಳು."

"ಅವರಿಗೆ ಕಾಣೋದು ನಂಬರ್ ಮಾತ್ರ, ಹೆಸರು ಕಾಣಲ್ಲ. ಅದನ್ನೂ ನಾನೇ ಮಾಡಿದ್ದು."

ಅವಳ ಕಣ್ಣು ತುಂಬಿತ್ತು. ಮಗ ರೇಗಿದ: "ಮಾಲೀಕ್ರು ಹೇಳಿದಾಗ ಆ ಒಂದು ಸಾಲು ಸೇರಿಸಿದ್ರೆ ನಿನ್ನದೇನು ಹೋಗ್ತಿತ್ತು?" ನನಗೂ ಸಿಟ್ಟು ನೆತ್ತಿಗೇರಿತ್ತು, ಊಟ ಬೇಡವೆಂದು ಹೋಗಿ ಮಲಗಿದೆ. ಅವಳು ಬಂದು ಪಕ್ಕದಲ್ಲೇ ಮಲಗಿ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಡಾಕ್ಟರ ಕೋಣೆಯ ಬಾಗಿಲವರೆಗೆ ಜೊತೆಗೆ ಬಂದು ಹೊರಗೇ ನಿಂತಳು. ಡಾಕ್ಟರು ಕೀಗೊಂಚಲಿನಲ್ಲಿದ್ದ, ಆ ತೆಗೆಯುವ ಕೀ ಅಡಗಿರುವ ಬೆರಳುದ್ದದ ಟೋಕನ್ನನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾ ನಕ್ಕರು.

"ನಿಮ್ಮ ಸೊಸೆ ಅದೇ ಲ್ಯಾಬಲ್ಲಲ್ವಾ? ನಿಮಗೆ ಆಗಲೇ ಗೊತ್ತಾಗಿರ್ಬೇಕು."

"ಇಲ್ಲ ಡಾಕ್ಟ್ರೇ. ಅವಳಿಗೂ ತೆಗೆಯೋಕಾಗದ ಹಾಗೆ ಮಾಡಿದ್ದಾಳೆ," ಎಂದೆ. ಹೇಳುವಾಗ ನನ್ನ ಎದೆಯುಬ್ಬಿತು, ಗಂಟಿನ ಭಯ ಒಂದು ಗಳಿಗೆ ಮರೆತೇ ಹೋಯಿತು. "ಸ್ವಲ್ಪ ತಡೀರಿ, ಅವಳನ್ನೂ ಕರೀತೀನಿ."

ಇಬ್ಬರೂ ಕೂತ ಮೇಲೆ ಡಾಕ್ಟರು ಓದಿದರು. ಬರೀ ಕೊಬ್ಬಿನ ಗಂಟು, ಅಪಾಯವಿಲ್ಲ. ಸೊಸೆ ನನ್ನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. "ಸಾಕು ಬಿಡೇ, ಬಟ್ಟೆಯೆಲ್ಲ ಒದ್ದೆ ಮಾಡಿದೆ," ಎಂದು ಗದರಿದೆ.

ಹೊರಗೆ ಬರುವಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಮಗ. "ಏನಂತೆ? ಬೇಗ ಹೇಳೇ!" ಎಂದು ಕೂಗುತ್ತಿದ್ದುದು ನನಗೂ ಕೇಳಿಸಿತು. ಸೊಸೆ ಕಣ್ಣೊರೆಸಿಕೊಂಡಳು.

"ಅದು ಅತ್ತೆ ರಿಪೋರ್ಟು ರೀ. ಅವರೇ ಹೇಳ್ತಾರೆ," ಎಂದು ಫೋನನ್ನು ನನ್ನ ಕೈಗಿಟ್ಟಳು.