ಅಮ್ಮನಿಗೆಂದು ಉಳಿಸಿಟ್ಟ ಮಾತು

ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವ ಆಕೆಗೆ ಮೊದಲಿನಿಂದಲೂ ಮಾತೆಂದರೆ ಆಗದು. ನಾಲ್ಕು ಮಾತಾಡಿದರೆ ನಾಲ್ಕು ಮೈಲಿ ನಡೆದಷ್ಟು ಸುಸ್ತು. ಹಣೆಬರಹ ನೋಡಿ, ಹೊಟ್ಟೆಪಾಡು ಮಾತ್ರ ಮಾತಿನದೇ! "ಎಕ್ಸ್‌-ರೇ ಎಲ್ಲಿ?" "ಡಾಕ್ಟ್ರು ಬಂದ್ರಾ?" ಎಂದು ಜನ ಸಂಜೆಯವರೆಗೆ ತಲೆ ತಿನ್ನುತ್ತಿದ್ದರು. ಜೊತೆಯವರು ಹಿಂದಿನಿಂದ ಮೌನಗೌರಿ ಎನ್ನುತ್ತಿದ್ದರು. ಅನ್ನಲಿ, ಹಿಂದಿನಿಂದ ಅಂದದ್ದಕ್ಕೆ ಉತ್ತರ ಕೊಡಬೇಕಿರಲಿಲ್ಲ.

ಮನೆಯಲ್ಲಿ ಅಮ್ಮ. ಪಾರ್ಶ್ವವಾಯು ಬಡಿದ ಮೇಲೆ ಅಮ್ಮನಿಗೆ ಉಳಿದದ್ದು ಬೆರಳೆಣಿಕೆಯಷ್ಟು ಪದ. "ದಿನಾ ಮಾತಾಡಿಸಿ. ಬಿಟ್ರೆ ಇರೋದೂ ಹೋಗುತ್ತೆ" ಎಂದಿದ್ದರು ಡಾಕ್ಟರು. ಬೆಳಿಗ್ಗೆ ಅಮ್ಮ ಮಾತ್ರೆಯ ಮಂಪರಿನಲ್ಲಿ ಇರುತ್ತಿದ್ದಳು, ಸಿಗುತ್ತಿದ್ದದ್ದು ಸಂಜೆಯೊಂದೇ.

ಮಗಳು ಯೋಚಿಸಿ ಒಂದು ಏರ್ಪಾಡು ಮಾಡಿಕೊಂಡಳು. ಊಟದ ಡಬ್ಬಿ ಹಿಡಿದು ಹಳೆಯ ಕಡತಗಳ ಕೋಣೆಗೆ ಹೋಗಿ ಒಬ್ಬಳೇ ತಿನ್ನುವುದು. ಪಕ್ಕದ ಮನೆಯಾಕೆ ಹತ್ತುವ ಬಸ್ಸು ಬಿಟ್ಟು ಮುಂದಿನದಕ್ಕೆ ಬರುವುದು. ಅಕ್ಕನ ಫೋನು ಭಾನುವಾರ ಮಾತ್ರ. ಉಳಿದ ತ್ರಾಣವೆಲ್ಲ ಏಳರಿಂದ ಏಳೂವರೆ, ಅಮ್ಮನಿಗೆ. ಹದಿನೈದು ದಿನಕ್ಕೆ ಅಮ್ಮ "ಕಿಟಕಿ ತೆಗಿ" ಎಂದಾಗ ಮೌನಗೌರಿ ಕುಣಿಯುವುದೊಂದು ಬಾಕಿ.

ಆಮೇಲೆ ಪಕ್ಕದ ಕೌಂಟರಿನವಳು ಕೆಲಸ ಬಿಟ್ಟಳು. ಎರಡು ಸಾಲೂ ಇವಳ ಮುಂದೆಯೇ ನಿಂತವು, ಊಟದ ಬಿಡುವೂ ಹೋಯಿತು. ಮನೆ ಮುಟ್ಟುವಷ್ಟರಲ್ಲಿ ತುಟಿ ಬಿಚ್ಚಲೂ ಆಗುತ್ತಿರಲಿಲ್ಲ. ಒಂದು ಸಂಜೆ ಅಮ್ಮ ಬಹಳ ಹೆಣಗಿ, "ಇವತ್ತು... ಯಾರು... ಬಂದಿದ್ರು?" ಎಂದಳು. ಒಟ್ಟಿಗೆ ಮೂರು ಪದ! ಇವಳು "ಸಾಕಮ್ಮ, ಸುಮ್ನಿರು" ಎಂದುಬಿಟ್ಟಳು.

ಮರುದಿನದಿಂದ ಏಳಕ್ಕೆಲ್ಲ ಅಮ್ಮ ನಿದ್ದೆ. ವಯಸ್ಸಾಯಿತಲ್ಲ ಎಂದುಕೊಂಡಳು. ವಾರ ಕಳೆದ ಮೇಲೆ, ಹಗಲು ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ಚಪ್ಪಲಿ ಮೆಟ್ಟುತ್ತ ಹೇಳಿದಳು: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅಮ್ಮೋರು ನಿದ್ದೆ ಮಾಡ್ತಾ ಇರಲ್ಲ. ನೀವು ಬಾಗಿಲು ತೆಗೆದ ತಕ್ಷಣ ಕಣ್ಣು ಮುಚ್ಕೋತಾರೆ. ಯಾಕಮ್ಮಾ ಅಂದ್ರೆ, 'ಪಾಪ... ಸುಸ್ತು' ಅಂತಾರೆ."

ಮಗಳು ಚೀಲ ಕೆಳಗಿಟ್ಟಳು. ಒಳಗೆ ಹೋದಳು. ಅಮ್ಮನ ರೆಪ್ಪೆಗಳು ಅದುರುತ್ತಿದ್ದವು. ಒಂದು ಸಲ "ಅಮ್ಮಾ" ಎಂದಿದ್ದರೆ ಸಾಕಿತ್ತು, ಆ ಕಣ್ಣುಗಳು ತೆರೆಯುತ್ತಿದ್ದವು. ಅದೊಂದು ಪದಕ್ಕಾಗಿ ಅವಳು ತನ್ನೊಳಗೆಲ್ಲ ತಡಕಾಡಿದಳು. ಕೊನೆಗೆ ಹೊದಿಕೆ ಸರಿಮಾಡಿ, ದೀಪ ಆರಿಸಿ, ಬಾಗಿಲು ಎಳೆದುಕೊಂಡಳು. ಅಡುಗೆಮನೆಗೆ ಬಂದು ನಿಂತಾಗ, ಇವತ್ತೂ ಮಾತಾಡಬೇಕಿಲ್ಲ ಎಂದು ಮೈಯೆಲ್ಲ ಹಗುರಾಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಹಗುರವೇ ಆಗಿತ್ತು.