ಮಂಗವ್ವನ ಬಾಣಂತನ

ಕಳೆದ ಭಾನುವಾರ ಕುಷಾಯಿಗೂಡದ ನಮ್ಮ ಮನೆಯ ಟೆರೇಸಿನಲ್ಲಿ ನಾನೂ ಮಗಳೂ ಅರ್ಧ ಗಂಟೆ ಅಲುಗಾಡದೆ ನಿಂತಿದ್ದೆವು. ಕಾರಣ? ಒಂದು ಮಂಗ.

ಮರಿ ಕಟ್ಟಿಕೊಂಡು ನೀರಿನ ಟ್ಯಾಂಕಿನ ಪಕ್ಕ ಕೂತಿತ್ತು. ಮರಿ ಹುಟ್ಟಿ ಎರಡು ವಾರ ಆಗಿರಬೇಕು. ಮುಖವೆಲ್ಲ ಸುಕ್ಕು, ಮೈಗಿಂತ ಕಿವಿಯೇ ದೊಡ್ಡದು. ಮರಿ ತಡವರಿಸುತ್ತ ಎರಡು ಹೆಜ್ಜೆ ಇಟ್ಟಿತು. ತಾಯಿ ಏನೂ ಕಾಣದವಳಂತೆ ಮೈ ಕೆರೆದುಕೊಳ್ಳುತ್ತಿತ್ತು. ಆದರೆ ಇನ್ನೊಂದು ಕೈ ಮರಿಯ ಬಾಲ ಹಿಡಿದೇ ಇತ್ತು! ಮೂರನೇ ಹೆಜ್ಜೆಗೆ ಜಗ್ಗಿ ಎದೆಗೆ ಹಾಕಿಕೊಂಡಿತು. ಮತ್ತೆ ಬಿಟ್ಟಿತು. ಮತ್ತೆ ಜಗ್ಗಿತು. (ತಾಯಿ-ಮರಿ ಒಬ್ಬರಿಗೊಬ್ಬರು ರೂಢಿಯಾಗುವುದು ಹೀಗೆಯೇ ಏನೋ.)

ಅಷ್ಟರಲ್ಲಿ ಒಂದು ಮುದಿ ಹೆಣ್ಣು ಮಂಗ ಬಂತು. ಮರಿಯ ತಲೆ ಮುಟ್ಟಿತು, ತಾಯಿ ಸುಮ್ಮನಿತ್ತು. ಕಾಲು ಹಿಡಿದು ಎಳೆದುಕೊಳ್ಳಲು ಹೋಯಿತು ನೋಡಿ, ತಾಯಿ ಹಲ್ಲು ಕಿರಿದು ಗುರ್ರೆಂದಿತು. ಮುದಿ ಮಂಗ ತೆಪ್ಪಗೆ ದೂರ ಹೋಗಿ ಕೂತಿತು.

"ಅಯ್ಯ, ಹಿರ್ಯಾಕಿ ಪ್ರೀತೀಲೆ ಎತ್ಕೊಳ್ಳಾಕ ಬಂದ್ರ ಎಷ್ಟ್ ಸೊಕ್ಕು ಇದಕ್ಕ!" ಎಂದೆ.

ಮಗಳು ನಗಲಿಲ್ಲ. "ಅದಕ್ಕ ಹಲ್ಲು ತೋರ್ಸಾಕ ಬಂತವ್ವಾ. ನನಗ ಬರಲಿಲ್ಲ."

ಎಂಟು ವರ್ಷದ ಹಿಂದೆ ಅವಳ ಮೊದಲ ಬಾಣಂತನ ನಡೆದದ್ದು ಇದೇ ಮನೆಯಲ್ಲಿ. ಬಾಣಂತಿ ನಿದ್ದೆಗೆಡಬಾರದು ಎಂದು ಹಿರಿಯರು ನನಗೆ ಕಲಿಸಿದ್ದರು. ಚಾಚೂ ತಪ್ಪದೆ ಪಾಲಿಸಿದೆ. ಕೂಸಿಗೆ ಎರೆಯುವವಳು ನಾನು, ತಟ್ಟಿ ಮಲಗಿಸುವವಳು ನಾನು. ಹಾಲು ಕುಡಿಸುವಷ್ಟು ಹೊತ್ತು ಅವಳ ಕೈಗೆ. ಕುಡಿದು ಬಾಯಿ ಬಿಟ್ಟಿತೋ, ಮರಳಿ ನನ್ನ ತೊಡೆಗೆ! "ಇನ್ನ ಸ್ವಲ್ಪ ಇಲ್ಲೇ ಇರ್ಲಿ ಅವ್ವಾ" ಅಂದರೆ, "ನೀ ಮಕ್ಕೋ, ನಿನಗೇನ್ ತಿಳೀತೈತಿ?" ಅನ್ನುತ್ತಿದ್ದೆ. ಓಣಿಯ ತೆಲುಗು ಹೆಂಗಸರು ಅವಳಿಗೆ "ಮೀ ಅಮ್ಮ ಬಂಗಾರಂ", ನಿಮ್ಮಮ್ಮ ಬಂಗಾರ, ಎಂದರು. ನಾನು ಉಬ್ಬಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಹಸಿ ಮೈ, ಹೀಗೆಲ್ಲ ಆಗುತ್ತದೆ ಅಂದುಕೊಂಡೆ.

ಮೊಮ್ಮಗ ಇಂದಿಗೂ ಜ್ವರ ಬಂದರೆ ಅಮ್ಮನನ್ನು ಬಿಟ್ಟು ಅಜ್ಜಿಗೆ ಫೋನ್ ಹಚ್ಚು ಅನ್ನುತ್ತಾನೆ. ಇದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. (ಈ ಅಂಕಣದಲ್ಲೂ ಬರೆದಿದ್ದೇನೆ. ಕ್ಷಮಿಸಿ.) ಅದೂ ಮಗಳ ಎದುರಿಗೇ!

ಈಗ ಅವಳಿಗೆ ಮತ್ತೆ ಏಳು ತಿಂಗಳು. ಬಾಣಂತನಕ್ಕೆ ಕರೆಯಲೆಂದೇ ಅವತ್ತು ಊಟಕ್ಕೆ ಹೇಳಿದ್ದೆ. ಮೆಟ್ಟಿಲು ಇಳಿಯುತ್ತ ಕೇಳಿದೆ.

"ಬರೂದಿಲ್ಲವ್ವಾ. ಕೊಂಡಾಪುರದಾಗ ನಮ್ಮನ್ಯಾಗ ಇರ್ತೀನಿ."

"ಅಲ್ಲಿ ಯಾರು ನೋಡ್ಕೋತಾರ?"

ಅವಳು ನನ್ನ ಕೈ ಹಿಡಿದುಕೊಂಡಳು. "ನನ್ನ ನೋಡ್ಕೊಳ್ಳಾಕ ನೀ ಬಾ. ಕೂಸಿನ್ನ ನಾ ನೋಡ್ಕೋತೀನಿ."

"ಆತವ್ವಾ" ಎಂದೆ. ಎಂಟು ವರ್ಷ ತಡವಾಗಿ.