ಗಣಪಿಯ ಮೊಣಕೈ

ಹೊಳನಗದ್ದೆಯ ಗಣಪಿ ನಮ್ಮ ನೆರೆಮನೆಯವಳು. ಗಂಡ ತೀರಿಕೊಂಡ ಮೇಲೆ ಗೇಣಿಗೆ ಹಿಡಿದ ತುಂಡು ಗದ್ದೆಗೆ ಕೊಡದಲ್ಲಿ ನೀರು ಹೊತ್ತು ನೀರುಳ್ಳಿ ಬೆಳೆದು, ಜಡೆಯ ಹಾಗೆ ಹೆಣೆದು, ಹೆದ್ದಾರಿ ಬದಿಯಲ್ಲಿ ತೂಗುಹಾಕಿ ಮಾರುತ್ತಿದ್ದಳು. 2001ರಲ್ಲಿ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದು ಅವಳ ಬಲ ಮೊಣಕೈ ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ದಿನ ಕೈ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಡಾಕ್ಟರು ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಗೀಚಿ ಮುಂದಿನವರನ್ನು ಕರೆದರು. ಅದು ಏನು, ಯಾರ ಹತ್ತಿರ ಹೋಗಬೇಕು, ನೋವು ಎಷ್ಟಾದರೆ ನಿಲ್ಲಿಸಬೇಕು, ಒಂದು ಮಾತಿಲ್ಲ.

ಕುಮಟಾ ಪೇಟೆಯಲ್ಲಿ ಫಿಸಿಯೋಥೆರಪಿ ಎಂದು ಬೋರ್ಡು ಹಾಕಿಕೊಂಡಿದ್ದ ಶಾಂತಾರಾಮನ ಬಳಿ ಹೋದಳು. ಅವನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬಿಳಿ ಕೋಟು, ಒಂದು ಕರೆಂಟಿನ ಮಷೀನು, ಅಷ್ಟೇ ಅವನ ವಿದ್ಯೆ. ಗಣಪಿ ಚೀಲದಿಂದ ಎಕ್ಸ್‌ರೇ ತೆಗೆಯಲು ಹೋದರೆ "ಅದೆಲ್ಲ ಬ್ಯಾಡ" ಎಂದು ಮುಂಗೈ ಹಿಡಿದು ಒತ್ತಿ ಮಡಚಿದ. ಅವಳು ಕಿರುಚಿದಳು.

"ತಡ್ಕಳ್ದಿದ್ರೆ ಕೈ ಹಿಂಗೇ ಉಳೀತದೆ ನೋಡು" ಎಂದ.

ಮೂರು ವಾರ ದಿನಾ ಅದೇ. ಮೊಣಕೈ ಊದಿ, ಕಾದು, ಕಲ್ಲಾಯಿತು. ಮೊದಲು ಮಡಚುತ್ತಿದ್ದಷ್ಟೂ ಮಡಚದೆ ಎಡಗೈಯಲ್ಲಿ ಉಣ್ಣತೊಡಗಿದಳು. "ನಂಗೇ ತಡ್ಕಳೂಕೆ ಆಗೂದಿಲ್ಲ, ಅದಕ್ಕೇ ಹಿಂಗಾತು" ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ನಾನೇ ಬಸ್ಸು ಹತ್ತಿಸಿ ಹೊನ್ನಾವರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಾಲತಿ ಎಂಬ, ಓದಿ ಬಂದ ಫಿಸಿಯೋಥೆರಪಿಸ್ಟ್ ಇದ್ದರು. ಅರ್ಧ ಗಂಟೆ ಅವರು ಬರೀ ಕೇಳಿದರು. ಬಿದ್ದದ್ದು ಯಾವಾಗ, ಯಾವ ಗುಳಿಗೆ ತಿನ್ನುತ್ತೀರಿ, ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಎಂತ ಕೆಲಸ. ಆಮೇಲಷ್ಟೇ ಕೈಯ ಹಿಂಬದಿಯಿಂದ ಮೊಣಕೈ ಮುಟ್ಟಿ ಕಾವು ನೋಡಿ, ಹೊಸ ಎಕ್ಸ್‌ರೇ ತೆಗೆಸಲು ಕಳಿಸಿದರು. ಎಲುಬಿನ ಮುಂದೆ, ಮಾಂಸಖಂಡದೊಳಗೆ, ಬಿಳಿ ಮೋಡದಂಥದ್ದು ಕಂಡಿತು.

"ಅಕ್ಕಾ, ಮುರಿದ ಮೊಣಕೈನ ಬೇರೆಯವ್ರು ಜಬರ್‌ದಸ್ತಿಯಿಂದ ಒತ್ತಿ ಮಡಚ್ಬಾರ್ದು. ಒತ್ತಿದ್ರೆ ಮಾಂಸದ ಒಳಗೇ ಎಲುಬು ಬೆಳೀತದೆ, ನಿಮ್ಗೆ ಆದದ್ದು ಅದೇ. ಇನ್ನು ಡಾಕ್ಟ್ರ ಹತ್ರ ಮಾತಾಡಿ, ಬಾವು ಇಳಿದ ಮೇಲೆ, ನೀವೇ ಮೆಲ್ಲಗೆ ಮಡಚ್ಬೇಕು. ದಿನಾ, ಮನೇಲೂ. ಸ್ವಲ್ಪ ಎಳ್ದಂಗೆ ಆದ್ರೆ ಅಡ್ಡಿಲ್ಲ. ಮಾರನೇ ದಿನಾನೂ ಊದ್ಕೊಂಡಿದ್ರೆ ನಿಲ್ಸಿ, ನಂಗೆ ಹೇಳಿ."

"ಹಂಗೆಲ್ಲ ಹೇಳೂಕೆ ಅಡ್ಡಿಲ್ವಾ ಅಮ್ಮಾ?"

"ಹೇಳ್ಲೇಬೇಕು. ಯಾರ ಹತ್ರ ಹೋದ್ರೂ ಎಲ್ಲಿ ಕಲ್ತ್ರಿ, ಎಂತ ಮಾಡ್ತ್ರಿ, ಎಷ್ಟು ದಿನ ಅಂತ ಮೊದ್ಲೇ ಕೇಳ್ಬೇಕು. ನನ್ನೂ ಕೇಳಿ."

ವಾಪಸು ಬರುವಾಗ ಬಸ್ಸು ಧಾರೇಶ್ವರ ದಾಟಿತು. ಗಣಪಿ ಅಂದಳು: "ಅಂವ ಕೈ ಒತ್ತುವಾಗ ನಾ ಕೂಗಿದ್ದಕ್ಕೆ, 'ನಂದೇ ತಪ್ಪಾತು' ಅಂತ ಅವಂಗೆ ಹೇಳಿದ್ದೆ."

ಕುಮಟಾದಲ್ಲಿ ಇಳಿದವಳೇ ನೇರ ಶಾಂತಾರಾಮನ ಬಾಗಿಲಿಗೆ ನಡೆದಳು. ಬೆಂಚಿನ ಮೇಲೆ ಆರು ಜನ ಕೂತಿದ್ದರು. "ನಿಮ್ ಎಕ್ಸ್‌ರೇ ನೋಡಿದ್ನಾ? ಕಾಯಿಲೆ ಎಂತದು ಕೇಳಿದ್ನಾ?" ಎಂದು ಒಬ್ಬೊಬ್ಬರನ್ನೂ ಕೇಳಿದಳು. ಒಳಗಿಂದ ಶಾಂತಾರಾಮ ಬಂದು "ಗಲಾಟೆ ಮಾಡ್ಬೇಡ, ಹೊರಗೆ ನಡಿ" ಎಂದ.

"ಎಲ್ಲಿ ಕಲ್ತದ್ದು ನೀನು? ಕಾಗದ ತೋರ್ಸು!"

ಅವನು ಪರದೆ ಎಳೆದುಕೊಂಡ. ಒಬ್ಬ ಮುದುಕ, ಮಗು ಎತ್ತಿಕೊಂಡ ಒಬ್ಬಳು ಎದ್ದು ಹೊರಟರು. ಉಳಿದ ನಾಲ್ವರು ತಲೆ ತಗ್ಗಿಸಿ ಕೂತೇ ಇದ್ದರು. ಅವರ ಮೇಲೂ ಸಿಟ್ಟು ಬಂತು ನನಗೆ. ಆದರೆ ಅವರಿಗೆ ತಾನೇ ಯಾರು ಏನು ಹೇಳಿದ್ದರು?

ನಾವು ಆರೋಗ್ಯ ಇಲಾಖೆಗೆ ಬರೆದ ದೂರಿಗೆ, ವಿಚಾರಣೆ ನಡೆಯುತ್ತಿದೆ ಎಂಬ ಒಂದು ಸಾಲಿನ ಉತ್ತರ ಬಂತು. ದೀಪಾವಳಿ ಕಳೆದ ಮೇಲೆ ಶಾಂತಾರಾಮ ತಾನಾಗಿಯೇ ಬೋರ್ಡು ಕಳಚಿ, ಭಟ್ಕಳದಲ್ಲಿ ನೇತುಹಾಕಿದ. ಅವನ ಕೂದಲೂ ಕೊಂಕಲಿಲ್ಲ.

ಮಾಲತಿ ಹೇಳಿಕೊಟ್ಟದ್ದನ್ನು ಗಣಪಿ ಎಂಟು ತಿಂಗಳು ಬಿಡದೆ ಮಾಡಿದಳು. ತುತ್ತು ಬಾಯಿಗೆ ಮುಟ್ಟಿತು. ತುರುಬು ಕಟ್ಟುವಷ್ಟು ಕೈ ಮಾತ್ರ ಮಡಚಲೇ ಇಲ್ಲ. ಈಗಲೂ ದಿನಾ ಬೆಳಿಗ್ಗೆ ಬಾಚಣಿಗೆ ಹಿಡಿದು ನಮ್ಮ ಮನೆಗೆ ಬರುತ್ತಾಳೆ.